ಧನ್ಯಳ ತೊಡೆಯ ಗೆರೆ

ರೀ, ನೂಲು ತರೋಕೆ ಹೋದವರು ಒಂಬತ್ತಾದ್ರೂ ಬರ್ಲಿಲ್ಲ. ಧನ್ಯನ್ನ ಕರ್ಕೊಂಡು ನಾನೇ ಚರ್ಮದ ಡಾಕ್ಟರ ಹತ್ರ ಹೊರಟಿದ್ದೀನಿ.

ನಿಮ್ಮಮ್ಮ ನಿನ್ನೆ ಮತ್ತೆ ಸರ್ಪಸುತ್ತು ಅಂದ್ಕೊಂಡು ಅವಳ ತೊಡೆ ಮೇಲಿನ ಗೆರೆಗೆ ಕೆಮ್ಮಣ್ಣು ಬಳಿದ್ರು, ನೀವು ನೋಡ್ತಾ ಕೂತ್ರಿ. ಅದನ್ನ ತೊಳೆಯೋಷ್ಟರಲ್ಲಿ ಮಗು ಅತ್ತೂ ಅತ್ತೂ ಸುಸ್ತಾಯ್ತು.

ಗೆರೆ ಉದ್ದಕ್ಕೂ ಚರ್ಮ ಗಟ್ಟಿಯಾಗ್ತಿದೆ, ಮಂಡಿಗೆ ಇಳಿದ್ರೆ ಕಾಲು ಮಡಚೋಕೆ ಕಷ್ಟ ಅಂತ ಹೋದ ಸಲ ಡಾಕ್ಟ್ರು ಮುಟ್ಟಿ ತೋರಿಸಿದ್ದು ನಿಮಗೂ ತಾನೆ? ಇವತ್ತು ಚೂರು ಚರ್ಮ ತೆಗೆದು ಬಯಾಪ್ಸಿಗೆ ಕಳಿಸ್ತಾರೆ, ಆಮೇಲೇ ಏನು ಅಂತ ಗೊತ್ತಾಗೋದು.

ಅನ್ನ ಸಾರು ಮುಚ್ಚಿಟ್ಟಿದ್ದೀನಿ. ಇನ್ನು ಮಣ್ಣು ಬಳಿಯಬೇಡಿ ಅಂತ ಅತ್ತೆಗೆ ನೀವೇ ಹೇಳಿ, ನನ್ನ ಕೈಲಾಗಲ್ಲ.

ಧನ್ಯಂಗೆ ಸೂಜಿ ಚುಚ್ಚುವಾಗ ಅಪ್ಪನೇ ಕೈ ಹಿಡ್ಕೋಬೇಕಂತೆ, ನಾನು ಬೇಡ್ವಂತೆ. ಹನ್ನೊಂದರೊಳಗೆ ಡಾಕ್ಟರ ಹತ್ರ ಬನ್ನಿ, ಊಟ ಆಮೇಲೆ.