ಹೊಲದ ಆಟಕ್ಕೆ ಮೊದಲ ಸ್ಥಾನ

ಕಾಗವಾಡ
ರವಿವಾರ, 9 ನವೆಂಬರ್ 2025

ಪ್ರೀತಿಯ ತಮ್ಮ ವೃಷಭನಿಗೆ, ಜೈ ಜಿನೇಂದ್ರ.

ಕಳೆದ ಮಂಗಳವಾರ ಮಧ್ಯಾಹ್ನ 4 ಗಂಟೆ 12 ನಿಮಿಷಕ್ಕೆ ಆಟದಲ್ಲಿ ನಿನ್ನ ಹೆಸರಿನ ಮುಂದೆ ಹಸಿರು ಚುಕ್ಕೆ ಹತ್ತಿಕೊಂಡಿತು. ಇದನ್ನು ತಿಳಿಸಿದವನು ನಿಪ್ಪಾಣಿಯ ಲಖನ. ಚಿಕ್ಕೋಡಿಯ ಪಾಲಿಟೆಕ್ನಿಕ್ಕಿನಲ್ಲಿ ನಿನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಲಖನನೇ. ಕ್ಷೇಮ ಕೇಳುವ ಮೊದಲು ಸುದ್ದಿ ಹೇಳಿಬಿಟ್ಟೆ. ಪೇಪರ್ ಏಜನ್ಸಿಯ ಮನೆಯಲ್ಲಿ ಹುಟ್ಟಿದವನ ಅಭ್ಯಾಸ, ನಿನಗೆ ಗೊತ್ತಿರುವುದೇ. ಈಗ ಕೇಳುತ್ತೇನೆ: ಮೈ ಹೇಗಿದೆ? ದಿನಕ್ಕೆ ಒಂದೇ ಊಟ ಒಗ್ಗಿತೇ? ಮುನಿ ಮಹಾರಾಜರ ಸಂಘಕ್ಕೆ ಅಡುಗೆ ಮಾಡಿಕೊಡಲು ರಾಯಬಾಗಕ್ಕೆ ಹೋಗಿಬರುವ ನೇಮಿನಾಥ ಕಾಕಾ, ನೀನು ಸೊರಗಿದ್ದೀ, ಆದರೆ ಮುಖ ಶಾಂತವಾಗಿದೆ ಎಂದರು. ಅಲ್ಲಿ ಎಲ್ಲರೂ ನಿನ್ನನ್ನು ಗೌರವದಿಂದ ಭೈಯಾಜಿ ಎನ್ನುತ್ತಾರಂತೆ. ಚಿಕ್ಕವನಿದ್ದಾಗ ನಿನಗೆ ಚಡ್ಡಿ ಹಾಕಿದವನು ನಾನು, ನನ್ನ ನಾಲಿಗೆ ಅದಕ್ಕೆ ಇನ್ನೂ ತಿರುಗುತ್ತಿಲ್ಲ. ಅವ್ವನಿಗೆ ಮೊಣಕಾಲು ನೋವು ಸ್ವಲ್ಪ ಕಡಿಮೆ. ನಿನ್ನ ಅತ್ತಿಗೆ ಮೇಘಾ ಕಲಿಸುವ ಶಾಲೆ ಸುರುವಾಗಿದೆ, ಬರುವುದು ಐದೂವರೆಗೆ.

ಲಖನ ಫೋನ್ ಮಾಡಿದಾಗ ನಾನು ಅಂಗಡಿಯಲ್ಲಿ ಉಳಿದ ಪೇಪರ್‌ಗಳನ್ನು ಕಟ್ಟುತ್ತಿದ್ದೆ. "ಅಣ್ಣಾ, ವೃಷಭ ವಾಪಸ್ ಬಂದಾನೇನ? ಆಟದಾಗ ಅದಾನಲ್ಲ" ಎಂದ. ಬಂದಿಲ್ಲ, ಇದೇ 16ರ ರವಿವಾರ ಅವನ ಕ್ಷುಲ್ಲಕ ದೀಕ್ಷೆ ಇದೆ, ಮುನಿಯಾಗುವ ದಾರಿಯ ಮೆಟ್ಟಿಲು ಅದು ಎಂದೆ. "ಹಂಗಾರ ದೆವ್ವ ಆಡಾಕತ್ತೇತಿ" ಎಂದು ನಕ್ಕ. ನಾನು ನಗಲಿಲ್ಲವೆಂದು ಗೊತ್ತಾದ ಮೇಲೆ ಅವನೂ ನಿಲ್ಲಿಸಿದ. ಅವನು ಕಳಿಸಿದ ಪಟ್ಟಿಯ ಪ್ರಕಾರ ನಿನ್ನ ಖಾತೆ ಹನ್ನೊಂದು ದಿನ ತೆರೆದಿದೆ. ಎಲ್ಲವೂ ನಾಲ್ಕರಿಂದ ಐದೂಕಾಲರ ಒಳಗೆ. ಸೂರ್ಯ ಮುಳುಗಿದ ಮೇಲೆ ಒಮ್ಮೆಯೂ ಇಲ್ಲ. ಕೊನೆಯ ಅಂಶವನ್ನು ಎರಡು ಸಲ ಓದಿದೆ. ನೀನು ಮನೆಯಲ್ಲಿದ್ದಾಗ ಹಗಲಲ್ಲಿ ಆಡಿದವನೇ ಅಲ್ಲ. ಹೊತ್ತು ಮುಳುಗುವುದರೊಳಗೆ ಎಲ್ಲ ಮುಗಿಸುವ ನಿಯಮ ನಿನ್ನ ಈಗಿನ ಬದುಕಿನದು.

ಮೇ ತಿಂಗಳಲ್ಲಿ ಹೊರಡುವಾಗ ನೀನು ಒಂದು ಚೀಟಿಯಲ್ಲಿ ಪಾಸ್‌ವರ್ಡ್ ಬರೆದುಕೊಟ್ಟು, ದೀಕ್ಷೆಯ ಮೊದಲು ಖಾತೆ ಅಳಿಸಿಬಿಡು, ಅದೂ ಪರಿಗ್ರಹವೇ, ನನ್ನ ಹೆಸರಿನಲ್ಲಿ ಏನೂ ಉಳಿಯಬಾರದು ಎಂದಿದ್ದೆ. ನಾನು ಅಳಿಸಲಿಲ್ಲ. ಆರು ತಿಂಗಳಿಂದ ಚೀಟಿ ಕಿಸೆಯಲ್ಲೇ ಇದೆ, ಅಂಗಿಯ ಜೊತೆ ಎರಡು ಸಲ ಒಗೆಯಲು ಹೋಗಿ ಬಂದಿದೆ. ಕಾರಣ ಹೇಳುವುದು ಸುಲಭ: ನೀನು ಹೋಗುವುದು ನನಗೆ ಬೇಡವಾಗಿತ್ತು. ದೀಕ್ಷೆಯ ದಿನ ಮಹಾರಾಜರು ಸಭೆಯ ಎದುರಿಗೆ ಮನೆಯವರನ್ನು ನಿಲ್ಲಿಸಿ, ನಿಮ್ಮ ಒಪ್ಪಿಗೆ ಇದೆಯೇ ಎಂದು ಕೇಳುತ್ತಾರೆ. ಒಬ್ಬರು ಇಲ್ಲವೆಂದರೂ ದೀಕ್ಷೆ ನಿಲ್ಲುತ್ತದೆ. ಅಪ್ಪ ಇಲ್ಲದ ಮನೆಯಲ್ಲಿ ಆ ಮಾತು ಅವ್ವನದು ಮತ್ತು ನನ್ನದು. ಅವ್ವ ಮೊನ್ನೆಯವರೆಗೂ ಹೌದು ಎಂದಿರಲಿಲ್ಲ, ಅಲ್ಲ ಎಂದೂ ಇರಲಿಲ್ಲ.

ಬುಧವಾರ ನಾಲ್ಕಕ್ಕೆ ಅಂಗಡಿಯಲ್ಲಿ ಕುಳಿತು ನನ್ನ ಫೋನಿನಿಂದ ಆಟದಲ್ಲಿನ ನಿನ್ನ ಹೊಲಕ್ಕೆ ಹೋದೆ. ನನ್ನ ಗೊಂಬೆ ನಿನಗೆ ಗೊತ್ತು, ಕೆಂಪು ಟೊಪ್ಪಿಗೆಯದು. ನಿನ್ನ ಹೊಲ ಹಾಳುಬಿದ್ದಿರುತ್ತದೆ ಎಂದುಕೊಂಡಿದ್ದೆ. ಇಲ್ಲ. ಅವರೆ ಬಿಡಿಸಿತ್ತು, ಮೆಕ್ಕೆಜೋಳ ಕೊಯ್ದಿತ್ತು, ಆಕಳುಗಳ ಮುಂದೆ ಹುಲ್ಲು ಇತ್ತು. ಆದರೆ ಆಲೂಗಡ್ಡೆ ಮತ್ತು ಗಜ್ಜರಿಯ ಎರಡು ಪಟ್ಟಿಗಳನ್ನು ಯಾರೂ ಅಗೆದಿರಲಿಲ್ಲ. ಪ್ರತಿ ಗಿಡಕ್ಕೂ ನೀರು ಹಾಕಿತ್ತು, ಕಿತ್ತಿರಲಿಲ್ಲ. ಮೀನಿನ ಗಾಳ ಪೆಟ್ಟಿಗೆಯಲ್ಲಿ. ಕತ್ತಿಯೂ ಪೆಟ್ಟಿಗೆಯಲ್ಲಿ. ಆಮೇಲೆ ನೀನು ಬಂದೆ. ನೀಲಿ ಅಂಗಿಯ ನಿನ್ನ ಗೊಂಬೆ ಬಾವಿಯ ಕಡೆಯಿಂದ ನಾಲ್ಕು ಹೆಜ್ಜೆ ಇಟ್ಟು ನಿಂತಿತು, ಮತ್ತೆ ನಾಲ್ಕು ಇಟ್ಟು ನಿಂತಿತು. ನೆಲ ನೋಡಿಕೊಂಡು, ಹುಳ ತುಳಿಯದಂತೆ ನಡೆಯುವ ಮಹಾರಾಜರ ನಡಿಗೆ ಅದು. ನಾನು ಇಂಗ್ಲಿಷ್ ಅಕ್ಷರದಲ್ಲಿ 'ತಮ್ಮಾ' ಎಂದು ಬರೆದೆ. ಗೊಂಬೆ ನನ್ನ ಎದುರು ಬಹಳ ಹೊತ್ತು ನಿಂತಿತು. ಕೊನೆಗೆ ಒಂದು ಕುಂಬಳಕಾಯಿ ನನ್ನ ಕೈಗೆ ಕೊಟ್ಟು ಒಳಗೆ ಹೋಯಿತು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು, ಬಿಸಿಲಿತ್ತು. ಆದರೂ ಒಬ್ಬನಿಗೆ ಎರಡು ಸಲ ಚಿಲ್ಲರೆ ಕೊಟ್ಟೆ.

ನಿನ್ನ ಕೋಣೆಯ ಕಂಪ್ಯೂಟರಿನಿಂದ ಯಾರಾದರೂ ಆಡಿರಬಹುದೇ ಎಂದು ಯೋಚಿಸದೆ ಇರಲಿಲ್ಲ. ಆದರೆ ಕೋಣೆಗೆ ಕೀಲಿ ಇದೆ, ಕೀಲಿ ಅವ್ವನ ಸೆರಗಿನ ಗಂಟಿನಲ್ಲಿದೆ, ಆದ್ದರಿಂದ ಅದು ಸಾಧ್ಯವಿಲ್ಲ ಎಂದು ತೀರ್ಮಾನಿಸಿದೆ. ಇಪ್ಪತ್ತು ವರ್ಷ ತಾಲೂಕಿನ ಸುದ್ದಿ ಬರೆದ ಅಪ್ಪನ ಮಗ ಹೀಗೆ ತೀರ್ಮಾನಿಸಿದ. ಉಳಿದದ್ದು ಒಂದೇ: ನೀನು ಯಾರದೋ ಫೋನ್ ಪಡೆದು ಸಂಘದಲ್ಲಿ ಕದ್ದು ಆಡುತ್ತಿದ್ದೀ. ಗಡ್ಡೆ ಕೀಳದಿರುವುದು, ಕತ್ತಿ ಹಿಡಿಯದಿರುವುದು ನನಗೆ ಸಾಕ್ಷಿಯಾಗಿ ಕಂಡಿತು. ಗುರುವಾರ ಮಹಾರಾಜರಿಗೆ ಪತ್ರ ಬರೆದೆ. ವೃಷಭನ ಮನಸ್ಸು ಇನ್ನೂ ಆಟದಲ್ಲಿದೆ, ದಿನಾಂಕ ಮತ್ತು ವೇಳೆಯ ಪಟ್ಟಿ ಲಗತ್ತಿಸಿದೆ, ದೀಕ್ಷೆ ಮುಂದೂಡಬೇಕು ಎಂದು. ಸುಳ್ಳು ಹೇಳುವುದಿಲ್ಲ, ಬರೆಯುವಾಗ ನನಗೆ ಸಂತೋಷವಾಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಲಕೋಟೆಯನ್ನು ನೇಮಿನಾಥ ಕಾಕಾನ ಕೈಗೆ ಕೊಟ್ಟೆ. ಬಸ್ಸು ಚಾಲೂ ಆದಾಗ ಅಪ್ಪನ ಮಾತು ನೆನಪಾಯಿತು: ಎರಡು ಕಡೆ ಕೇಳದ ಸುದ್ದಿ, ಸುದ್ದಿ ಅಲ್ಲ. ನಾನು ಒಂದು ಕಡೆಯೂ ಕೇಳಿರಲಿಲ್ಲ. ಬಸ್ಸು ಹತ್ತಿ ಲಕೋಟೆ ವಾಪಸ್ ಬೇಡಿದೆ. ಅದು ಒಪ್ಪಿಗೆಯ ಪತ್ರ ಎಂದು ತಿಳಿದಿದ್ದ ಕಾಕಾ, ಎಲ್ಲರಿಗೂ ಕೇಳಿಸುವಂತೆ, "ಏನ್ಲೇ ಶ್ರೇಣಿಕ, ಕೊಟ್ಟ ಒಪ್ಪಿಗಿ ತಿರಗಿ ಇಸ್ಕೋತಿ? ತಮ್ಮನ್ನ ಏನ ಎತ್ತಂತ ತಿಳದಿ, ಹಗ್ಗಾ ಹಿಡದ ಜಗ್ಗಾಕ?" ಎಂದರು. ಬಸ್ಸಿನಲ್ಲಿದ್ದವರು ನಕ್ಕರು. ನಾನು ಲಕೋಟೆ ಇಸಿದುಕೊಂಡು ಇಳಿದೆ.

ಅಂದು ನಾಲ್ಕಕ್ಕೆ ಅಂಗಡಿ ಮುಚ್ಚಿ ಮನೆಗೆ ಹೋದೆ. ಆ ಹೊತ್ತಿಗೆ ನಾನು ಮನೆಯಲ್ಲಿರುವವನಲ್ಲ. ಪಡಸಾಲೆಯಲ್ಲಿ ಅವ್ವ ಇರಲಿಲ್ಲ. ಮೇಲಿನಿಂದ ಹೆಜ್ಜೆಯ ಸಪ್ಪಳ ಕೇಳಿಸಿತು. ಹಲಗೆಯ ಮೇಲೆ ನಡೆದ ಸಪ್ಪಳ. ನಿನ್ನ ಕೋಣೆಗೆ ಹಾಸಿರುವುದು ಶಹಾಬಾದಿ ಕಲ್ಲು. ನಾನು ಮೆಟ್ಟಿಲ ಮೇಲೆ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಹೆಜ್ಜೆ ನಾಲ್ಕು ಕೇಳಿಸುತ್ತಿತ್ತು, ನಿಲ್ಲುತ್ತಿತ್ತು. ಬಾಗಿಲು ದೂಡಿದಾಗ ನಿನ್ನ ಕುರ್ಚಿಯಲ್ಲಿ ಅವ್ವ ಕುಳಿತಿದ್ದಳು. ಮೌಸಿನ ಕೆಳಗೆ ಮಡಿಚಿದ ಕರವಸ್ತ್ರ, ಮೂಗಿನ ತುದಿಯಲ್ಲಿ ಚಾಳೀಸು. ತಿರುಗಿ ನೋಡಲಿಲ್ಲ. "ಯಾರು, ಶ್ರೇಣಿಕೇನ? ತಡಿ, ಆಕಳಾ ಒಳಗ ಹೊಡದ ಬರತೀನಿ" ಎಂದಳು.

ನಾಲ್ಕು ವರ್ಷ ನಿನ್ನ ಪಕ್ಕದಲ್ಲಿ ಕುಳಿತು ಅವರೆ ಸುಲಿಯುತ್ತ ನೋಡಿದವಳಿಗೆ ಯಾವ ಗುಂಡಿ ಒತ್ತಬೇಕೆಂದು ಗೊತ್ತಿತ್ತು. ಯಂತ್ರ ಚಾಲೂ ಮಾಡಿದರೆ ನಿನ್ನ ಖಾತೆ ತಾನೇ ತೆರೆಯುತ್ತದೆ, ಕೋಳಿಯ ಚಿತ್ರ ಒತ್ತಿದರೆ ಹೊಲ. ಕಸ ಗುಡಿಸಲು ಬಂದವಳು ಒಂದು ದಿನ ಒತ್ತಿದಳು. ಬೆಳೆ ಒಣಗಿತ್ತಂತೆ, ನೀರು ಹಾಕಿದಳು. ಹಾಗೆ ಸುರುವಾಯಿತು. ಗೊಂಬೆ ನಾಲ್ಕು ಹೆಜ್ಜೆಗೆ ನಿಲ್ಲುವುದೇಕೆಂದರೆ ಅವ್ವನ ಬೆರಳು ಅಷ್ಟಕ್ಕೇ ದಣಿಯುತ್ತದೆ. ನಾನು ಬರೆದ ಇಂಗ್ಲಿಷ್ ಅಕ್ಷರ ಅವಳಿಗೆ ಓದಲು ಬರುವುದಿಲ್ಲ. ಆಲೂಗಡ್ಡೆ ಯಾಕೆ ಕೀಳಲಿಲ್ಲ ಎಂದು ಕೇಳಿದೆ. ಗಡ್ಡೆ ಅಗೆದರೆ ಎಷ್ಟೊಂದು ಜೀವ ಎಂದಳು. ಅದು ಆಟ ಬೇ, ಅಲ್ಲಿ ಜೀವ ಎಲ್ಲಿ ಎಂದೆ. "ಆಟಾದ್ರೂ ಕೈ ನಂದ ಐತ್ಯಲ್ಲ" ಎಂದಳು. ಬುಧವಾರ ಯಾರೋ ಕೆಂಪು ಟೊಪ್ಪಿಗೆಯವನು ಬಂದು ನಿಂತಿದ್ದನಂತೆ. ಅವನ ಮುಖ ಉಪವಾಸ ಇದ್ದವನಂತೆ ಕಂಡಿತಂತೆ, ಅದಕ್ಕೇ ಕುಂಬಳಕಾಯಿ ಕೊಟ್ಟು ಕಳಿಸಿದೆ ಎಂದಳು. ಅದು ನಾನೇ ಎಂದು ಹೇಳಲಿಲ್ಲ.

ಈಗ ನಮ್ಮ ಆಟಗಳ ಪಟ್ಟಿಯ ವಿಷಯ. ಪ್ರತಿ ದೀಪಾವಳಿಗೆ, ಬಸದಿಯಲ್ಲಿ ನಿರ್ವಾಣದ ಲಾಡು ಏರಿಸಿ ಬಂದ ಮೇಲೆ, ಪೇಪರ್ ಬಂಡಲಿನ ರಟ್ಟಿನ ಮೇಲೆ ಆ ವರ್ಷದ ಆಟಗಳ ಕ್ರಮಾಂಕ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸುವುದು ನಮ್ಮ ಪದ್ಧತಿ. ಇಬ್ಬರೂ ಆಡಿರಬೇಕು, ಒಬ್ಬನಾದರೂ ಮುಗಿಸಿರಬೇಕು, ಸಮ ಸಮ ಎನ್ನುವಂತಿಲ್ಲ. ಈ ಸಲ ರಟ್ಟು ಖಾಲಿ ಇತ್ತು. ನಿನ್ನೆ ಬರೆದೆ. ಒಬ್ಬನೇ ಬರೆದದ್ದರಿಂದ ಈಚಿನ ನಾಲ್ಕು ವರ್ಷದ ಆಟಗಳನ್ನೆಲ್ಲ ಸೇರಿಸಿದ್ದೇನೆ.

ಐದನೆಯದು ಲಾರಿ ಆಟ. ಅದರಲ್ಲಿ ಏನೂ ಆಗುವುದಿಲ್ಲ, ಮಳೆ ಬರುತ್ತದೆ, ವೈಪರ್ ಓಡುತ್ತದೆ. ಅದಕ್ಕೇ ಇಷ್ಟ. ನಾಲ್ಕನೆಯದು ಗುಡ್ಡ ಹತ್ತುವ ಆಟ, ಜಾರಿದರೆ ಮೊದಲಿನಿಂದ. ನೀನು ಮೂವತ್ತೊಂದು ಸಲ ಬಿದ್ದು ಒಮ್ಮೆಯೂ ಬೈಯಲಿಲ್ಲ. ನಾನು ಏಳನೆಯ ಸಲಕ್ಕೆ ಕುರ್ಚಿಗೆ ಒದ್ದೆ. ಆಗಲೇ ನನಗೆ ತಿಳಿಯಬೇಕಿತ್ತು. ಮೂರನೆಯದು ನೆರಳಿನ ಆಟ, ಮಾತಿಲ್ಲದ ಎರಡು ನೆರಳು ಒಂದನ್ನೊಂದು ಹುಡುಕುವುದು. ಮುಗಿಯುವುದು ಬಹಳ ಬೇಗ ಎಂದು ನೀನು ಒಂದು ಸ್ಥಾನ ಇಳಿಸಿದ್ದೆ, ನಾನು ಹಾಗೇ ಉಳಿಸಿದ್ದೇನೆ.

ಎರಡನೆಯ ಸ್ಥಾನದ ಕತ್ತಿಯ ಆಟಕ್ಕೆ ಸ್ವಲ್ಪ ವಿವರಣೆ ಬೇಕು. ಕಳೆದ ವರ್ಷ ಅದಕ್ಕೇ ಮೊದಲ ಸ್ಥಾನ ಎಂದು ನಾನು ಹಟ ಹಿಡಿದು ನಿನ್ನನ್ನು ಒಪ್ಪಿಸಿದ್ದೆ. ನೀನು ಆಟ ಮುಗಿಸಿದಾಗ ಅದು ಒಂದು ಲೆಕ್ಕ ತೋರಿಸಿತು: ನೀನು ಕೊಂದದ್ದು 1,140. ನಾನು ಚಪ್ಪಾಳೆ ತಟ್ಟಿದೆ. ನೀನು ಆ ಅಂಕಿಯನ್ನು ನೋಡುತ್ತಲೇ ಕುಳಿತೆ. "ಅಣ್ಣಾ, ಒಂದರದೂ ಮಾರಿ ನೆನಪಿಲ್ಲ" ಎಂದೆ. ಮರುದಿನ ರಟ್ಟಿನ ಮೇಲೆ ಅದರ ಹೆಸರಿಗೆ ಗೀಟು ಬಿದ್ದಿತ್ತು, ನೀನು ಬಸದಿಯಲ್ಲಿದ್ದೆ. ನಾನು ಆ ಮಾತನ್ನು ಒಂದು ವರ್ಷದಿಂದ ಕೇಳಿಸಿಕೊಳ್ಳುತ್ತಿದ್ದೇನೆ, ಪೇಪರ್ ಎಣಿಸುವಾಗ, ಸ್ನಾನ ಮಾಡುವಾಗ. ಆಟ ಒಳ್ಳೆಯದೇ, ಅದಕ್ಕೇ ಎರಡನೆಯದು. ಹಳೆಯ ರಟ್ಟಿನ ಮೇಲಿನ ನಿನ್ನ ಗೀಟನ್ನು ಅಳಿಸಿಲ್ಲ.

ಮೊದಲನೆಯದು ಹೊಲದ ಆಟ. ನಾಲ್ಕು ವರ್ಷ ನೀನು ಇದನ್ನೇ ಹೇಳುತ್ತಿದ್ದೆ, ನಾನು ಅದು ಹೆಂಗಸರ ಆಟ ಎಂದು ಚಾಷ್ಟಿ ಮಾಡುತ್ತಿದ್ದೆ. ಒಪ್ಪಿಕೊಂಡೆ. ಮಹಾರಾಜರಿಗೆ ಬರೆದ ಪತ್ರ ಹರಿದುಹಾಕಿದ್ದೇನೆ. ನಿನ್ನ ಮೇಲೆ ಇಲ್ಲದ ತಪ್ಪು ಹೊರಿಸಿದ್ದಕ್ಕೆ ಕ್ಷಮೆ ಕೇಳುತ್ತೇನೆ. ದೀಕ್ಷೆಯ ದಿನ ನೀನು ಎಲ್ಲರ ಕ್ಷಮೆ ಕೇಳುವ ಮೊದಲೇ ನಾನು ಕೇಳಿದೆನೆಂದು ಇರಲಿ. ಸಭೆಯಲ್ಲಿ ನನ್ನನ್ನು ಕೇಳಿದರೆ ಹೌದು ಎನ್ನುತ್ತೇನೆ.

ಮುಂದಿನ ರವಿವಾರದಿಂದ ನಿನ್ನ ಹೆಸರು ಬೇರೆ. ನಾನು ನಿನ್ನ ಎದುರು ಬಾಗಿ ಇಚ್ಛಾಮಿ ಎನ್ನಬೇಕು, ನಿನ್ನ ತಲೆಯ ಮೇಲೆ ಕೈ ಇಡುವಂತಿಲ್ಲ. ಆದ್ದರಿಂದ ಅಣ್ಣನಾಗಿ ಕೊಡಬೇಕಾದ ಆಶೀರ್ವಾದವನ್ನೆಲ್ಲ ಈ ಕಾಗದದಲ್ಲೇ ಕೊಟ್ಟಿದ್ದೇನೆ. ಕಾಲಿಗೆ ಮುಳ್ಳು ಚುಚ್ಚದಿರಲಿ. ಮೇಘಾ ನಮಸ್ಕಾರ ತಿಳಿಸಿದ್ದಾಳೆ.

ನಿನ್ನ ಅಣ್ಣ,
ಶ್ರೇಣಿಕ

ತಾ.ಕ.: ಈ ಕಾಗದ ಒಯ್ಯಲು ಕಾಕಾ ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಖಾತೆ ಅಳಿಸು ಎಂದು ನೀನು ಹೇಳಿದ್ದನ್ನು ನಿನ್ನೆ ಅವ್ವನಿಗೆ ತಿಳಿಸಿದೆ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಅಲ್ಲಿ ಅವ ನಡದ್ರ ನನಗ ಹೆಜ್ಜಿ ಸಪ್ಪಳ ಕೇಳತಿತ್ತು. ಹುಲ್ಲಿನ ಮ್ಯಾಲ ಒಂದ ಥರಾ, ಹಲಗಿ ಮ್ಯಾಲ ಒಂದ ಥರಾ. ಅಷ್ಟಕ್ಕ ಹೋಗತಿದ್ನಿ. ಅವ ಎಲ್ಲಾ ಬಿಡತಾನಂದ್ರ ನಾ ಇದೊಂದ ಹಿಡಕೊಂಡ ಕುಂಡ್ರೂದ ಬರೋಬರಿ ಅಲ್ಲ. ನನ್ನ ಕೈಲೇ ಅಳಸತೀನಿ. ಸಭಾದಾಗ ಕೇಳಿದ್ರ ಹೂಂ ಅಂತೀನಿ." ಆಕಳುಗಳನ್ನು ಬಿಟ್ಟುಬಿಡಲು ಬಾಗಿಲು ತೆರೆಯುವುದು ಹೇಗೆ ಎಂದು ಮಾತ್ರ ಕೇಳಿದಳು, ತೋರಿಸಿದ್ದೇನೆ. ಶನಿವಾರ, 15ರಂದು, ಮಧ್ಯಾಹ್ನ 4 ಗಂಟೆಗೆ ಖಾತೆ ಅಳಿಸಲಾಗುವುದು. ರವಿವಾರ ಬೆಳಿಗ್ಗೆ 6.40ರ ಬಸ್ಸಿಗೆ, ಕುಡಚಿಯ ಮೇಲೆ ಹಾದು, ನಾವು ಮೂವರೂ ರಾಯಬಾಗಕ್ಕೆ ಬರುತ್ತೇವೆ.