ಒಮ್ಮೆ ಮಾರಿಹೋದವನಿಗೆ ಊರಿಲ್ಲವೇ?

ಬ್ಯಾಸ್ಕೆಟ್‌ಬಾಲ್ ಲೀಗಿನ ಮಾನ್ಯ ಆಯುಕ್ತರೇ,

ನನ್ನ ಅಳಿಯ ಮಾರ್ಲನ್ ಪೆಟಿಗ್ರೂ ತನ್ನೂರಿನ ತಂಡಕ್ಕೆ ಆಡಲು ಸಿದ್ಧನಿದ್ದಾನೆ. ತಂಡವೂ ಕರೆಯುತ್ತಿದೆ. ಕೂಡದು ಎನ್ನುತ್ತಿರುವುದು ನಿಮ್ಮ ಕಚೇರಿ ಮಾತ್ರ. ಇತ್ತ ಅದೇ ಊರಿನಲ್ಲಿ, ಸೇಂಟ್ ಲೂಯಿಸ್‌ನ ಆಸ್ಪತ್ರೆಯಲ್ಲಿ ನನ್ನ ಮಗಳು ಶನೀಸ್ ಅವಳಿ ಮಕ್ಕಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಎಡಮಗ್ಗುಲಲ್ಲಿ ಮಲಗಿದ್ದಾಳೆ. ಏಳುವಂತಿಲ್ಲ, ನಗುವಾಗಲೂ ಹುಷಾರು ಎಂದಿದ್ದಾರೆ ವೈದ್ಯರು. ನಗು ಬರದಂತೆ ನೀವು ನೋಡಿಕೊಂಡಿದ್ದೀರಿ, ವಂದನೆಗಳು.

ಆಟಗಾರರ ವಿನಿಮಯದ ಕೊನೆಯ ದಿನ ನಮ್ಮ ತಂಡಕ್ಕೆ ಬಫಲೊ ತಂಡದ ಒಬ್ಬ ದೊಡ್ಡ ಆಟಗಾರ ಬೇಕಾಗಿದ್ದ. ಎರಡೂ ಕಡೆಯ ಸಂಬಳ ಸರಿದೂಗಬೇಕೆಂಬುದು ನಿಮ್ಮ ನಿಯಮ. ನಮ್ಮ ಕಡೆ ತೂಕ ಸಾಲಲಿಲ್ಲ. ತಕ್ಕಡಿಗೆ ಕಲ್ಲು ಹಾಕಿದಂತೆ ಮಾರ್ಲನ್‌ನನ್ನು ಹಾಕಿದರು. ಫೋನು ಬಂದಾಗ ಅವನು ಹೆಂಡತಿಗೆ ಸೂಪು ಕುಡಿಸುತ್ತಿದ್ದ.

“ಯಾರಂತೆ?” ಎಂದಳು ಶನೀಸ್.

“ಬಫಲೊದವರಂತೆ.”

“ಏನು ಬೇಕಂತೆ?”

“ನಾನಂತೆ.”

ನಿಜ ಹೇಳಬೇಕೆಂದರೆ ಅವನು ಅವರಿಗೆ ಬೇಕಿರಲಿಲ್ಲ. ಬೇಡದ ಆಟಗಾರ ತನ್ನ ಸಂಬಳದಲ್ಲಿ ಒಂದು ಪಾಲು ಬಿಟ್ಟುಕೊಟ್ಟರೆ ಕರಾರು ಹರಿದು ಬಿಡುಗಡೆ ಮಾಡುವ ಪದ್ಧತಿ ನಿಮ್ಮಲ್ಲಿದೆ. ದುಡ್ಡು ತೆತ್ತು ಬಿಡಿಸಿಕೊಳ್ಳುವುದನ್ನು ನಾನು ಒತ್ತೆಯಾಳುಗಳ ವಿಷಯದಲ್ಲಿ ಕೇಳಿದ್ದೆ. ಅಂದೇ ಮಧ್ಯಾಹ್ನ ವಿಮಾನವಿಳಿದು ಬಂದವನನ್ನು ಬಫಲೊದ ವ್ಯವಸ್ಥಾಪಕರು ಸೌಜನ್ಯದಿಂದ ಕೇಳಿದರು: “ನಿನ್ನನ್ನ ಟ್ಯಾಂಪಾ ತಂಡಕ್ಕೆ ದಾಟಿಸಲೋ, ಇಲ್ಲೇ ಬಿಡುಗಡೆ ಮಾಡಲೋ? ಅವರೂ ನಿನ್ನ ಇಟ್ಕೊಳಲ್ಲ, ಬಿಟ್ಟೇ ಬಿಡ್ತಾರೆ.”

“ಇನ್ನೊಂದು ಊರಿಗೆ ಮಾರಬೇಡಿ ಸಾರ್,” ಎಂದು ಇವನು ಗೋಗರೆದ. “ಇಲ್ಲಿಂದಲೇ ಬಿಟ್ಬಿಡಿ. ಹೆಂಡತಿ ಹತ್ರ ಹೋಗ್ಬೇಕು.”

ಬಿಟ್ಟರು. ಬಂದ. ನಮ್ಮ ತಂಡದಲ್ಲಿ ಒಬ್ಬನ ಕಾಲು ಮುರಿದಿತ್ತು. ಜಾಗ ಖಾಲಿಯಿದೆ ಬಾ ಎಂದರು ತರಬೇತುದಾರರು. ಆಗ ನಿಮ್ಮ ಕಚೇರಿ ಅಡ್ಡ ನಿಂತಿತು. ನಾನೇ ಫೋನು ಮಾಡಿದೆ.

“ಮೇಡಂ, ಕೊಂಡವರೇ ಬಿಟ್ಟವನನ್ನ ಮಾರಿದ ತಂಡ ವರ್ಷದೊಳಗೆ ವಾಪಸ್ ತಗೊಳ್ಳೋ ಹಾಗಿಲ್ಲ. ಇಲ್ಲಾಂದ್ರೆ ಸುಮ್ನೆ ಮಾರಿದ ಹಾಗೆ ನಾಟಕ ಮಾಡ್ತಾರೆ,” ಎಂದರು ನಿಮ್ಮ ಅಧಿಕಾರಿ.

“ಟ್ಯಾಂಪಾಕ್ಕೆ ಹೋಗಿ ಬಂದಿದ್ರೆ?”

“ಆಗ ಅಡ್ಡಿಯಿಲ್ಲ. ಮೂರನೇ ತಂಡ ಬಿಟ್ರೆ ಬರಬಹುದು.”

“ಅಂದ್ರೆ ಒಂದು ಸಲ ಮಾರಿದ್ರೆ ನಾಟಕ, ಎರಡು ಸಲ ಮಾರಿದ್ರೆ ಸಾಚಾನಾ?”

“ನಿಯಮ ಹಾಗಿದೆ ಮೇಡಂ. ನಿಮ್ಮ ಅಳಿಯ ಸ್ವಲ್ಪ ತಾಳ್ಕೋಬೇಕಿತ್ತು.”

ಸ್ವಾಮೀ, ಮಾರಬೇಡಿ ಎಂದು ಬೇಡಿಕೊಂಡದ್ದೇ ಅವನ ತಪ್ಪೇ? ಇನ್ನೊಬ್ಬರ ಅಂಗಳದಲ್ಲಿ ಒಂದು ರಾತ್ರಿ ಸರಕಿನಂತೆ ಬಿದ್ದಿದ್ದರೆ ಮನೆಯ ಬಾಗಿಲು ತೆರೆಯುತ್ತಿತ್ತು. ನೇರವಾಗಿ ಮನೆಗೆ ಓಡಿಬಂದನೆಂದು ಮುಚ್ಚಿತು. ಅವನ ಏಜೆಂಟನಾದರೂ ಈ ನಿಯಮ ಹೇಳಬಾರದಿತ್ತೇ ಎಂದು ವಿಚಾರಿಸಿದೆ. “ಮಾರಿದವರೇ ಮತ್ತೆ ಕರೀತಾರೆ ಅಂತ ಯಾರು ಕಂಡಿದ್ರು?” ಎಂದ. ಅವನಿಗೆ ಅಂದು ಮಾರಬೇಕಾದವರು ಬೇರೆಯೂ ಬಹಳ ಮಂದಿಯಿದ್ದರಂತೆ. ನಿಮ್ಮ ನಿಯಮ ಕಳ್ಳನಿಗಾಗಿ ಹೆಣೆದ ಬಲೆ, ಒಪ್ಪಿದೆ. ಸಿಕ್ಕಿದ್ದು ಯಾರೆಂದು ಎತ್ತಿ ನೋಡುವ ಪದ್ಧತಿಯಿಲ್ಲವೇ?

ಊರ ತಂಡ ಬಿಟ್ಟರೆ ಈಗ ದೂರದ ಸಾನ್ ಡಿಯೆಗೊ ತಂಡವೊಂದೇ ಕರೆಯುತ್ತಿದೆ. ಶುಕ್ರವಾರ ಸಂಜೆಯೊಳಗೆ ಉತ್ತರ ಕೊಡಬೇಕು. ಹೋದರೆ ಹೆರಿಗೆಗೆ ಇವನಿಲ್ಲ, ಹೋಗದಿದ್ದರೆ ಮೂವತ್ತಮೂರು ವರ್ಷದ ಮಂಡಿಗೆ ಇನ್ನೊಂದು ಕರೆಯಿಲ್ಲ. ನಿನ್ನೆ ಅವನು ಶನೀಸ್‌ಗೆ ಹೇಳಿದ, “ಆಟ ಬಿಟ್ಬಿಡ್ತೀನಿ ಕಣೇ.”

“ಬಿಟ್ಟು? ಎರಡು ತೊಟ್ಟಿಲಿಗೇ ಜಾಗ ಇಲ್ಲ, ಮೂರನೇದು ನಿನಗೆಲ್ಲಿ ಕಟ್ಟಲಿ?” ಎಂದು ಗದರಿದವಳು ಆಮೇಲೆ ಅವನ ಅಂಗಿಯ ತುದಿ ಹಿಡಿದುಕೊಂಡಳು. ದಾದಿ ಬಂದು ಒಂದು ಮಗುವಿನ ಎದೆಬಡಿತ ನಿಧಾನವಾಗಿದೆಯೆಂದು ವೈದ್ಯರನ್ನು ಕರೆಯಲು ಓಡಿದಾಗಲೂ ಬಿಡಲಿಲ್ಲ. ಬಡಿತ ಮರಳಿತು. ಮುಂದಿನ ಸಲದ ಮಾತು ಯಾರೂ ಆಡುತ್ತಿಲ್ಲ.

ಶುಕ್ರವಾರದೊಳಗೆ ಅವನು ಊರ ತಂಡಕ್ಕೆ ಆಡಬಹುದೆಂದು ಒಂದು ಸಾಲಿನ ಅಪ್ಪಣೆ ಕೊಡಿ. ಆಗುವುದಿಲ್ಲವೆಂದಾದರೆ ನನಗೆ ಬರೆಯಬೇಡಿ. ಆಸ್ಪತ್ರೆಗೆ ಫೋನು ಮಾಡಿ, ಶನೀಸ್‌ಗೆ ನೀವೇ ಹೇಳಿ. ಬೇಗ ಇಟ್ಟುಬಿಡಬೇಡಿ; ಮಲಗಿದಲ್ಲಿಂದ ಕೈ ಚಾಚಿ ಫೋನು ತೆಗೆದುಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ.

ಇಂತಿ,
ಅಳಿಯ ಮನೆಯಲ್ಲೇ ಇರಲಿ ಎಂದು ಅರ್ಜಿ ಹಾಕಬೇಕಾಗಿ ಬಂದ ಅತ್ತೆ,
ವರ್ನೆಟಾ ಕೋಲ್