ಗಾಯದವರಿಗೆ ಮಾತ್ರ ತೋರುವ ಗಿಡ

ಹಾಡಿಯಿಂದ, ಗುಂಡ್ಲುಪೇಟೆ ತಾಲ್ಲೂಕು
ಭಾನುವಾರ, 17-11-2024

ನನ್ನ ಕೂಸು ಶಿವರಂಜಿನಿ,

ಉಂಡೆಯಾ, ನಿದ್ದೆ ಬರ್ತಿದೆಯಾ ಅಂತ ಮೊದಲು ಕೇಳ್ತೀನಿ, ಆಮೇಲೆ ಬಯ್ತೀನಿ. ಫೋನಿನಲ್ಲಿ ನೀನು ಕೇಳಿದ ಮಾತಿಗೆ ಆವತ್ತು ಉತ್ತರ ಕೊಡೋಕಾಗಲಿಲ್ಲ, ಸುತ್ತ ಜನ ಇದ್ದರು. ಸುನೀಲ್ ಕುಮಾರ್ ಸಾಯುವಾಗ ನಾನು ಮದ್ದು ಕೊಟ್ಟೆನೋ ಇಲ್ಲವೋ ಅಂತ ತಾನೇ ನಿನ್ನ ಪ್ರಶ್ನೆ? ಬರೀತೀನಿ. ಹಾಸ್ಟೆಲಿನಲ್ಲಿ ಒಬ್ಬಳೇ ಓದಿ ಸುಟ್ಟುಹಾಕು.

ಅವನನ್ನು ಹಾಡಿಗೆ ಕರೆತಂದವಳು ನೀನು. ಔಷಧಿ ಕಂಪನಿಯವನು, ನಿನ್ನ ನರ್ಸಿಂಗ್ ಕಾಲೇಜಿನಲ್ಲಿ ಪರಿಚಯವಾದವನು, ಒಳ್ಳೆಯವನು ಅಂದೆ. ನೀನು ಅವನನ್ನು ನೋಡುತ್ತಿದ್ದ ರೀತಿ ಕಂಡೇ ನಾನು ಕೋಳಿ ಕುಯ್ದು ಸಾರು ಮಾಡಿದ್ದು. ರಕ್ತ ನಿಲ್ಲಿಸುವ ಗಿಡ ತೋರಿಸಿ ಅಂತ ಅವನು ಗೋಗರೆದ. ಗಾಯ ಇಲ್ಲದವರಿಗೆ ನಾವು ಸೋಲಿಗರು ಆ ಗಿಡ ತೋರಿಸೋದಿಲ್ಲ, ಹೆಸರೂ ಎತ್ತೋದಿಲ್ಲ ಅಂದೆ. ನೀನು ಅಷ್ಟಕ್ಕೇ ಬುಟ್ಟಿದ್ದರೆ ಆಗಿತ್ತು. ನೀನು ನಗುನಗುತ್ತಾ ಮಿಕ್ಕ ನೇಮವನ್ನೂ ಹೇಳ್ಬುಟ್ಟೆ: ರಕ್ತ ಸುರಿಸಿಕೊಂಡು ಬಂದವನು ಹಗೆಯಾದರೂ ಅವ್ವ ಇಲ್ಲ ಅನ್ನೋ ಹಾಗಿಲ್ಲ, ಅವನನ್ನೇ ಗಿಡದ ಹತ್ತಿರ ಕರಕೊಂಡು ಹೋಗಬೇಕು, ಅವನ ರಕ್ತ ಬುಡಕ್ಕೆ ಬಿದ್ದ ಮೇಲೇ ಬೇರು ಕೀಳಬೇಕು ಅಂತ.

ನೀನು ಬಸ್ಸು ಹತ್ತಿದ ವಾರಕ್ಕೇ ಅವನು ಮುಂಗೈ ಸೀಳಿಕೊಂಡು ಬಂದ. ಬಾಟಲಿ ಚೂರು ಅಂದ. ಮೂಳೆ ಕಾಣ್ತಿತ್ತು. ನಾನು ದಡ್ಡಿ, ಅಯ್ಯೋ ಮಗನೇ ಅಂತ ಗುಡ್ಡದ ಓರೆಗೆ ನಡೆಸಿಕೊಂಡು ಹೋದೆ. ಬೇರು ಜಜ್ಜಿ ಕಟ್ಟಿದೆ, ರಕ್ತ ನಿಂತಿತು. ಆ ನೋವಿನಲ್ಲೂ ಅವನು ಫೋಟೋ ತೆಗೀತಿದ್ದ. ಬೇಕಂತಲೇ ಕುಯ್ದುಕೊಂಡಿದ್ದ ಕಣಮ್ಮಿ, ಬೇವರ್ಸಿ.

ಆಮೇಲೆ ಅವನ ಆಳುಗಳು ಬಂದರು. ನಾವು ಬೇರು ಕಿತ್ತರೆ ಅರ್ಧ ಮಣ್ಣಲ್ಲೇ ಬಿಡ್ತೀವಿ. ಅವರು ಓರೆ ಪೂರಾ ಅಗೆದು ಚೀಲ ತುಂಬಿದರು. ಚೀಲ ಹೊತ್ತು ಹಾಡಿಗೆ ಇಳಿದಾಗ ಅಡ್ಡ ಹೋದ ನಿನ್ನ ಸೋದರಮಾವ ಚಿಕ್ಕಮಾದುವಿನ ತಲೆಗೆ ಹಾರೆಯಲ್ಲಿ ಹೊಡೆದರು. ಬಿದ್ದ ಮೇಲೂ ಹೊಡೆದರು. ನನ್ನ ತಮ್ಮನ ತಲೆಯನ್ನು ಅವನ ಹೆಂಡತಿ ಮಾದಮ್ಮನ ಮಡಿಲಿಗಿಟ್ಟು, ನೇಮವನ್ನೂ ಮರೆತು ಒಬ್ಬಳೇ ಓರೆಗೆ ಓಡಿದೆ. ಗುಂಡಿ, ಗುಂಡಿ, ಬರೀ ಗುಂಡಿ. ಉಗುರು ಕಿತ್ತುಬರೋ ತನಕ ಕೆರೆದೆ. ಬರಿಗೈಲಿ ವಾಪಸ್ ಬರುವಷ್ಟರಲ್ಲಿ ಮಾದಮ್ಮ ಗಂಡನ ಮುಖಕ್ಕೆ ಸೆರಗು ಮುಚ್ಚಿದ್ದಳು. ಬಂದ ಪೊಲೀಸ್ ಸಾಹೇಬರು ಆನೆ ತುಳಿದದ್ದು ಅಂತ ಬರಕೊಂಡರು. ಆನೆ ಹಾರೆ ಹಿಡಿದಿತ್ತಾ ಅಂತ ಕೇಳಿದೆ. ಬಾಯಿ ಮುಚ್ಚು ಅಂದರು.

ಕೇಸಿಲ್ಲ ಅನ್ನೋ ಧೈರ್ಯಕ್ಕೆ ಸುನೀಲ್ ಮತ್ತೆ ಬಂದ. ಯಾಕೆ ಗೊತ್ತಾ? ಕಿತ್ತ ಬೇರೆಲ್ಲ ಗುಂಡ್ಲುಪೇಟೆ ಗೋದಾಮಿನಲ್ಲಿ ಕೊಳೆತುಹೋಗಿತ್ತಂತೆ. ಹೇಗೆ ಒಣಗಿಸೋದು ಹೇಳಿಕೊಡಿ ಅಂತ ನನ್ನ ಕೇಳಿದ! ಮಾದಮ್ಮ ಒಳಗಿಂದ ಮಚ್ಚು ತಂದಳು.

"ಬುಡು ಅಕ್ಕಾ, ಒಣಗ್ಸೋದ ನಾ ಏಳ್ಕೊಡ್ತೀನಿ," ಅಂದವಳೇ ಅವನ ತೊಡೆಗೆ ಹಾಕಿದಳು.

ರಕ್ತ ಚಿಮ್ಮಿ ಅಂಗಳದ ರಾಗಿ ಮೇಲೆ ಬಿತ್ತು. ಇನ್ನೊಂದು ಏಟಿಗೆ ಎತ್ತಿದ ಕೈಯನ್ನು ನಾನೇ ಹಿಡಕೊಂಡೆ. ಅವನು ನನ್ನ ಕಾಲು ತಬ್ಬಿಕೊಂಡ.

"ಅವ್ವಾ, ರಕ್ತ ಬಂದವನಿಗೆ ನೀವು ಇಲ್ಲ ಅನ್ನೋ ಹಾಗಿಲ್ಲ."

ಹೌದು, ನೇಮ ನೇಮವೇ. ಟವೆಲಲ್ಲಿ ತೊಡೆ ಬಿಗಿದು, ಹೆಗಲು ಕೊಟ್ಟು ಓರೆಗೆ ಕರಕೊಂಡು ಹೋದೆ. ಹುಡುಕಪ್ಪ, ಒಂದು ಬೇರು ಸಿಕ್ಕರೂ ಜಜ್ಜಿ ಕಟ್ತೀನಿ ಅಂದೆ. ಅವನು ತೆವಳಿಕೊಂಡು ಒಂದೊಂದು ಗುಂಡಿಗೂ ಕೈ ಹಾಕಿದ. ಕೊನೆಗೆ ನಿನ್ನ ಹೆಸರು ಹಿಡಿದು ಅತ್ತ. ಅದನ್ನು ನಿನಗೆ ಹೇಳಬಾರದು ಅಂತಿದ್ದೆ.

ಮಾದಮ್ಮ ಈಗ ಚಾಮರಾಜನಗರದ ಜೈಲಿನಲ್ಲಿದ್ದಾಳೆ. ಹೋಗಿ ನೋಡು, ಎರಡು ಸೀರೆ ಕೊಡು. ಅವಳು ನಿನ್ನ ಬಯ್ಯಲ್ಲ. ನಾನು ಬಯ್ತೀನಿ, ಸಾಯೋ ತನಕ ಬಯ್ತೀನಿ. ಆದರೂ ರಜಕ್ಕೆ ಮನೆಗೆ ಬಾ ಕಣಮ್ಮಿ. ಹೆತ್ತ ಕರುಳು, ಏನು ಮಾಡಲಿ.

ನಿನ್ನ ಅವ್ವ,
ಮಲ್ಲಿಗಮ್ಮ

ಇನ್ನೊಂದು ಮಾತು. ಚಿಕ್ಕಮಾದುವನ್ನು ಮಣ್ಣು ಮಾಡಿದ ಮಾರನೇ ದಿನ ಬಂಡೆ ಸಂದಿಯಲ್ಲಿ ಒಂದು ಗಿಡ ಉಳಿದಿದ್ದು ಕಂಡಿದ್ದೆ. ಸುನೀಲ್ ಗುಂಡಿ ತಡಕುವಾಗ ನಾನು ಅದಕ್ಕೆ ಬೆನ್ನು ಕೊಟ್ಟು, ಸೀರೆ ಹರಡಿಕೊಂಡು ಕೂತಿದ್ದೆ. ಅವನ ಉಸಿರು ನಿಲ್ಲೋ ತನಕ ಏಳಲಿಲ್ಲ.